ಬ್ಲೇಡು ಹಿಡಿದು ಕಾಡಿಗೆ ಹೋದವರು

ರಾಜ್ಯೋತ್ಸವದ ತೋರಣ ಬಿಚ್ಚುವ ಮೊದಲೇ ನವೆಂಬರ್ 2 ಬಂದುಬಿಡುತ್ತದೆ. 1980ರಲ್ಲಿ ಬಿ.ಜಿ.ಎಲ್. ಸ್ವಾಮಿಯವರು ತೀರಿಕೊಂಡ ದಿನ ಅದು. ಆಗ ಅವರಿಗೆ 62 ವರ್ಷ. ಹಿಂದಿನ ದಿನವಿಡೀ ಕನ್ನಡದ ಬಗ್ಗೆ ಮಾತಾಡಿ ದಣಿದ ನಮ್ಮ ಊರುಗಳು ಮರುದಿನ ಅವರನ್ನು ನೆನೆದದ್ದನ್ನು ನಾನಂತೂ ಕಂಡಿಲ್ಲ. ನೆನೆದರೂ ಒಳ್ಳೆಯ ಹಾಸ್ಯ ಬರೆಯುತ್ತಿದ್ದರು ಅನ್ನುತ್ತೇವೆ, ಇಲ್ಲವೇ ಡಿ.ವಿ.ಜಿ.ಯವರ ಮಗ ಅನ್ನುತ್ತೇವೆ. ಎರಡೂ ನಿಜವೇ. ಆದರೆ ಅವರು ಮೊದಲಿಗೆ ಸಸ್ಯವಿಜ್ಞಾನಿ. ಕಾಡು ಸುತ್ತಿ, ಗಿಡ ಕಿತ್ತು ತಂದು, ಕೊಯ್ದು ನೋಡಿ ಆಮೇಲೆ ಬಾಯಿ ತೆರೆಯುವ ಜಾತಿಯವರು.

ಆರ್ಕಿಡ್‌ಗಳ ಭ್ರೂಣ ಬೆಳೆಯುವ ಬಗೆಯನ್ನು ಅಭ್ಯಾಸ ಮಾಡಿ ಹೆಸರು ಗಳಿಸಿದ್ದ ಸ್ವಾಮಿಯವರು 1940ರ ದಶಕದ ಕೊನೆಗೆ ಹಾರ್ವರ್ಡಿಗೆ ಹೋದರು. ಅಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸ. 1950ರಲ್ಲಿ ಇಬ್ಬರೂ ಸೇರಿ ಸಾರ್ಕಾಂಡ್ರ ಎಂಬ ಸಣ್ಣ ಗಿಡದ ಬಗ್ಗೆ ಪ್ರಬಂಧ ಬರೆದರು. ಹೂ ಬಿಡುವ ಗಿಡಮರಗಳಲ್ಲಿ ಸಾಮಾನ್ಯವಾಗಿ ನೀರು ಮೇಲೇರುವುದು ವೆಸೆಲ್ ಎಂಬ ಕೊಳವೆಗಳಲ್ಲಿ: ಕಣದ ಮೇಲೆ ಕಣ ಕೂತು, ನಡುವಿನ ಗೋಡೆ ಕರಗಿ, ದಾರಿ ತೆರೆದಿರುತ್ತದೆ. ಸಾರ್ಕಾಂಡ್ರದಲ್ಲಿ ಅವರಿಗೆ ಅಂಥ ಕೊಳವೆ ಕಾಣಲಿಲ್ಲ. ಪೈನ್ ಮರಗಳಲ್ಲಿ ಇರುವಂತೆ ತುದಿ ಮುಚ್ಚಿದ ಕಣಗಳೇ, ಅವುಗಳ ಪಕ್ಕದ ಸಣ್ಣ ಗುಳಿಗಳ ಮೂಲಕವೇ ನೀರಿನ ದಾಟು. ಹೂಗಿಡಗಳ ಪೂರ್ವಚರಿತ್ರೆಗೆ ಇದು ದೊಡ್ಡ ಸುಳಿವು. ದಕ್ಷಿಣ ಭಾರತದ ಬೆಟ್ಟಗಳಲ್ಲಿ ಸಿಗುವ ಒಂದು ಸಾರ್ಕಾಂಡ್ರಕ್ಕೆ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. 1987ರಲ್ಲಿ ಅಮೆರಿಕದ ಕಾರ್ಲ್‌ಕ್ವಿಸ್ಟ್, ಸಾರ್ಕಾಂಡ್ರದಲ್ಲೂ ವೆಸೆಲ್ ಉಂಟು ಎಂದು ತೋರಿಸಿದರು. ಸ್ವಾಮಿಯವರು ಬದುಕಿದ್ದರೆ ಮುನಿಸಿಕೊಳ್ಳುತ್ತಿರಲಿಲ್ಲ, ಇನ್ನೊಂದು ತುಂಡು ಕೊಯ್ದು ನೋಡುತ್ತಿದ್ದರು ಎಂದೇ ನನ್ನ ಎಣಿಕೆ.

ಈ ಕೊಯ್ಯುವ ಕೆಲಸ ಬಾಟನಿ ಓದಿದವರಿಗೆಲ್ಲ ಗೊತ್ತು. ಕಾಂಡದ ಚೂರನ್ನು ಬೆಂಡಿನ ಸೀಳಿನೊಳಗೆ ಸಿಕ್ಕಿಸಿ ಎಡಗೈಯಲ್ಲಿ ಹಿಡಿಯಬೇಕು, ಬ್ಲೇಡನ್ನು ನೀರಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ತನ್ನ ಕಡೆಗೆ ಎಳೆದುಕೊಳ್ಳಬೇಕು. ಬಟ್ಟಲಿನ ನೀರಲ್ಲಿ ತೇಲುವ ಬಿಲ್ಲೆಗಳಲ್ಲಿ ಹೆಚ್ಚಿನವು ದಪ್ಪ, ಇಲ್ಲವೇ ಓರೆ. ಕಣ್ಣಿಗೆ ಕಾಣುವುದೋ ಇಲ್ಲವೋ ಅನ್ನಿಸುವಷ್ಟು ತೆಳುವಾದದ್ದನ್ನು ಕುಂಚದ ತುದಿಯಲ್ಲಿ ಎತ್ತಿ ಸ್ಯಾಫ್ರನಿನ್ ಕೆಂಪಿಗೆ ಹಾಕಿದರೆ, ಮೈಕ್ರೋಸ್ಕೋಪಿನಡಿ ಮರದ ಭಾಗ ಕೆಂಪಾಗಿ ಎದ್ದು ಬರುತ್ತದೆ. ಇದು ಕಾಡಿನ ಬಗ್ಗೆ ಭಾವುಕರಾಗುವವರ ಕೆಲಸವಲ್ಲ. ಸ್ವಾಮಿಯವರ ಗದ್ಯಕ್ಕೆ ಇರುವ ಹರಿತವೂ ಇದೇ ಬ್ಲೇಡಿನದು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ಇದ್ದಷ್ಟು ಕಾಲವೂ ಅವರು ಹುಡುಗ ಹುಡುಗಿಯರನ್ನು ಕರೆದುಕೊಂಡು ಘಟ್ಟ ಹತ್ತುತ್ತಿದ್ದರು. ಆ ತಿರುಗಾಟಗಳ ಫಲವೇ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’. ವಿದ್ಯಾರ್ಥಿಗಳ ಕೀಟಲೆ, ಗಿಡದ ಗುರುತು, ಲೇಖಕರೇ ಬಿಡಿಸಿದ ಚಿತ್ರ, ಎಲ್ಲವೂ ಅಲ್ಲಿ ಒಟ್ಟಿಗೇ ಇವೆ. ‘ಶಾಸನಗಳಲ್ಲಿ ಗಿಡಮರಗಳು’ ಬರೆದವರೂ ಅವರೇ. ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳು ಪೂರ್ತಿ ನಮ್ಮ ಶಿವಮೊಗ್ಗ ಜಿಲ್ಲೆಯವು. ಶಾಸನ ಓದುವವರೂ ಗಿಡ ಓದುವವರೂ ಒಂದೇ ಬೆಂಚಿನಲ್ಲಿ ಕೂತದ್ದು ಆಮೇಲೆ ಇಲ್ಲಿ ಕಡಿಮೆ.

ನಮ್ಮ ಕಡೆ ಕಾಡನ್ನು ಬಹುಕಾಲ ನೋಡಿದ್ದು ಟನ್ನಿನ ಲೆಕ್ಕದಲ್ಲಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉರಿ ಹೊತ್ತಿಸಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಮಲೆನಾಡಿನ ಮರಗಳ ಇದ್ದಿಲು. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆಗೆ ಬಿದಿರು ಹೋಯಿತು, ಆಮೇಲೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ಎರಡೂ ಕಾರ್ಖಾನೆಗಳ ಅನ್ನ ಉಂಡ ಊರಿನಲ್ಲಿ ಕೂತು ಅವನ್ನು ದೂರುವುದು ನನ್ನಿಂದಾಗದು. ಆದರೆ 2020ರಲ್ಲಿ ನೆಡುತೋಪಿನ ಗುತ್ತಿಗೆ ಮುಗಿದು, ಅಕೇಶಿಯಾ ಬೇಕೋ ಬೇಡವೋ ಎಂಬ ಜಗಳ ಎದ್ದಾಗ, ಆ ಜಾಗದಲ್ಲಿ ಮೊದಲು ಏನೇನು ಬೆಳೆಯುತ್ತಿತ್ತು ಎಂದು ಹೆಸರು ಹಿಡಿದು ಹೇಳಬಲ್ಲವರು ಸಭೆಗಳಲ್ಲಿ ವಿರಳ. ಪಟ್ಟಿ ಇಲ್ಲವೆಂದಲ್ಲ. ರಾಮಸ್ವಾಮಿ, ರಾಧಾಕೃಷ್ಣ ರಾವ್, ಗೋವಿಂದಪ್ಪ ಮೂವರೂ ಸೇರಿ ಬರೆದ ಶಿವಮೊಗ್ಗ ಜಿಲ್ಲೆಯ ಸಸ್ಯಸಂಪತ್ತಿನ ದಪ್ಪ ಗ್ರಂಥವನ್ನು 2001ರಲ್ಲೇ ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿದೆ. ಅದು ಇಂಗ್ಲಿಷಿನಲ್ಲಿದೆ, ಕಪಾಟಿನಲ್ಲಿದೆ. ಅಲ್ಲಿಂದ ಅದನ್ನು ಕೆಳಗಿಳಿಸಿ ಕನ್ನಡದ ಜಗಲಿಗೆ ತರಬಲ್ಲ ಒಬ್ಬ ಸ್ವಾಮಿ ನಮಗೆ ಸಿಗಲಿಲ್ಲ.

ಈಗಿನ ಬಾಟನಿ ಟೂರು ಹೇಗಿದೆ ಎಂದು ಬಲ್ಲವರೇ ಹೇಳುತ್ತಾರೆ. ಬೆಳಗ್ಗೆ ಜೋಗ, ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ, ನಡುವೆ ಬಸ್ಸಿನಲ್ಲಿ ಅಂತ್ಯಾಕ್ಷರಿ. ಹರ್ಬೇರಿಯಂ ಹಾಳೆಗಳು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಪಿತ್ರಾರ್ಜಿತ ಆಸ್ತಿಯಂತೆ ಇಳಿದು ಬರುತ್ತವೆ. ಮೇಷ್ಟರನ್ನೇ ಬೈಯುವುದೂ ಸರಿಯಲ್ಲ. ಅರಣ್ಯ ಇಲಾಖೆಯ ಅನುಮತಿ, ಪೋಷಕರ ಆತಂಕ, ಸೆಮಿಸ್ಟರಿನ ಓಟ ಎಲ್ಲ ಇದ್ದದ್ದೇ. ಆದರೂ ಮಲೆನಾಡಿನ ಮಳೆಗಾಲದಲ್ಲಿ ಗಿಡವೊಂದನ್ನು ಒತ್ತಿಟ್ಟು, ದಿನಾ ಪೇಪರು ಬದಲಿಸಿ, ಬೂಷ್ಟು ಹಿಡಿಯದಂತೆ ಒಣಗಿಸಿದವರಿಗೆ ಆ ಗಿಡ ಜನ್ಮಕ್ಕೂ ಮರೆಯುವುದಿಲ್ಲ.

ಮುಂದಿನ ಸಂಚಿಕೆಯಿಂದ ನಾಲ್ಕು ಪುಟಗಳನ್ನು ಇದಕ್ಕೆಂದೇ ಮೀಸಲಿಡುತ್ತಿದ್ದೇವೆ. ನಿಮ್ಮ ಮನೆಯ ಹಿಂದಿನ ಗುಡ್ಡದಲ್ಲೋ, ತುಂಗೆಯ ದಂಡೆಯಲ್ಲೋ, ಕಾರ್ಖಾನೆ ಕ್ವಾರ್ಟರ್ಸಿನ ಪಾಳುಬಿದ್ದ ಕಾಂಪೌಂಡಿನಲ್ಲೋ ಇರುವ ಒಂದು ಗಿಡದ ಬಗ್ಗೆ ಬರೆದು ಕಳಿಸಿ. ಊರಿನಲ್ಲಿ ಅದನ್ನು ಏನೆನ್ನುತ್ತಾರೆ, ಯಾವ ತಿಂಗಳು ಹೂ ಬಿಡುತ್ತದೆ, ಯಾರು ಯಾವುದಕ್ಕೆ ಬಳಸುತ್ತಾರೆ ಎಂಬುದಿರಲಿ. ಚಿತ್ರ ನೀವೇ ಬರೆದರೆ ಒಳ್ಳೆಯದು, ಸೊಟ್ಟಗಿದ್ದರೂ ಹಾಕುತ್ತೇವೆ. ಪ್ರಕೃತಿಯ ಮೇಲಿನ ಕವಿತೆಗಳನ್ನು ಮಾತ್ರ ದಯವಿಟ್ಟು ಕಳಿಸಬೇಡಿ. ಅವು ಈಗಾಗಲೇ ಬೇಕಾದಷ್ಟು ನಮ್ಮ ಮೇಜಿನ ಮೇಲಿವೆ.