ಎಂಟು ಅಂದ್ರು, ಆರು ಕೊಟ್ರು

2011ರ ಏಪ್ರಿಲ್ 25. ಅಮೆರಿಕದ ಬಾಸ್ಟನ್‌ನ ಒಂದು ಸ್ಟುಡಿಯೋದಲ್ಲಿ ನಾಲ್ಕು ಜನ ಸೇರಿದ್ರು. ಪಿಯಾನೋದ ಬೆನ್ ಫೋಲ್ಡ್ಸ್, ಡ್ರೆಸ್ಡನ್ ಡಾಲ್ಸ್‌ನ ಅಮಾಂಡ ಪಾಮರ್, ಓಕೆ ಗೋ ಬ್ಯಾಂಡಿನ ಡೇಮಿಯನ್ ಕುಲಾಶ್, ಜತೆಗೆ ಕಾದಂಬರಿಕಾರ ನೀಲ್ ಗೇಮನ್. ಎಂಟು ಗಂಟೆಯಲ್ಲಿ ಎಂಟು ಹಾಡು ಬರೆದು ರೆಕಾರ್ಡ್ ಮಾಡ್ತೀವಿ ಅಂತ ಮೊದಲೇ ಸಾರಿಬಿಟ್ಟಿದ್ರು. ತಂಡದ ಹೆಸರೇ ‘ಏಯ್ಟ್ ಇನ್ ಏಯ್ಟ್’. ಕೆಲಸವನ್ನ ಇಂಟರ್ನೆಟ್‌ನಲ್ಲಿ ನೇರವಾಗಿ ತೋರಿಸಿದ್ರು, ಹಾಡಿಗೆ ವಿಷಯ ಕೊಡಿ ಅಂತ ಟ್ವಿಟರ್‌ನಲ್ಲಿ ಕೇಳಿದ್ರು.

ಆಗಿದ್ದೇನು? 12 ಗಂಟೆ, 6 ಹಾಡು. ಮರುದಿನ ಅದನ್ನೇ ‘ನೈಟಿ ನೈಟ್’ ಅನ್ನೋ ಇಪಿ ಮಾಡಿ ಬ್ಯಾಂಡ್‌ಕ್ಯಾಂಪ್‌ಗೆ ಹಾಕಿದ್ರು. ಉಳಿದೆರಡು ಹಾಡಿಗಾಗಿ ಕಾಯಲಿಲ್ಲ.

ನನಗೆ ಇಷ್ಟವಾಗಿದ್ದು ಅದೇ. ಆರೂ ಚೆನ್ನಾಗಿವೆ ಅಂತ ಹೇಳಲ್ಲ. ವಿಜ್ಞಾನಿ ಟೆಸ್ಲಾ ಹೆಸರಿನ ಹಾಡು ಮನಸ್ಸಲ್ಲಿ ಉಳಿಯುತ್ತೆ. ಜೋನ್ ಆಫ್ ಆರ್ಕ್ ಬಗ್ಗೆ ಗೇಮನ್ ಹಾಡಿದ್ದು ಕೇಳಿದ್ರೆ, ಇವರು ಗಾಯಕರಲ್ಲ ಅಂತ ತಕ್ಷಣ ಗೊತ್ತಾಗುತ್ತೆ. ಆದ್ರೂ ಹಾಕಿದ್ರು ನೋಡಿ. ನಮ್ಮ ಎಷ್ಟೋ ಗೆಳೆಯರ ಫೋನಿನಲ್ಲಿ ಅರ್ಧ ಮುಗಿದ ಹಾಡುಗಳು ವರ್ಷಗಟ್ಟಲೆ ಕೊಳೀತಾ ಇವೆ, ‘ಮಿಕ್ಸಿಂಗ್ ಸರಿಯಾಗಲಿ’ ಅನ್ನೋ ನೆಪದಲ್ಲಿ.

‘ಅವರಿಗೆ ಹೆಸರಿತ್ತು, ಸ್ಟುಡಿಯೋ ಇತ್ತು’ ಅಂತೀರಿ. ನಿಜ, ಒಪ್ತೀನಿ. ಕೇಳೋರು ಮೊದಲೇ ಇದ್ರು. ಆದರೆ ಆ ಕೇಳುಗರನ್ನ ಕಂಪನಿ ಕೈಯಿಂದ ಬಿಡಿಸಿಕೊಳ್ಳೋಕೆ ಅವರೂ ಒದ್ದಾಡಿದ್ದಾರೆ. ಓಕೆ ಗೋ ವಿಡಿಯೋಗಳನ್ನ ಬೇರೆ ಸೈಟುಗಳಲ್ಲಿ ಹಾಕದಂತೆ ಅವರ ಕಂಪನಿ ಇಎಂಐ ತಡೆದಿತ್ತು. ಹಂಚಿಕೊಂಡೇ ಬೆಳೆದ ಬ್ಯಾಂಡಿಗೆ ಅದು ಕತ್ತು ಹಿಸುಕಿದ ಹಾಗೆ. 2010ರಲ್ಲಿ ಹೊರಬಂದು ಸ್ವಂತ ಲೇಬಲ್ ಕಟ್ಟಿದ್ರು. ಪಾಮರ್ ಕೂಡ ಅದೇ ವರ್ಷ ತಮ್ಮ ಲೇಬಲ್‌ನಿಂದ ಬಿಡುಗಡೆ ಪಡೆದ್ರು. ಈ ಇಪಿ ಬಂದಿದ್ದು ಮರುವರ್ಷ.

ಪಾಮರ್ ಬಗ್ಗೆ ತಕರಾರೂ ಇದೆ. 2012ರಲ್ಲಿ ಅಭಿಮಾನಿಗಳಿಂದ ಸುಮಾರು 12 ಲಕ್ಷ ಡಾಲರ್ ಸಂಗ್ರಹಿಸಿದ ಮೇಲೆ, ಆಯಾ ಊರಿನ ವಾದ್ಯಗಾರರು ತಮ್ಮ ಕಾರ್ಯಕ್ರಮದಲ್ಲಿ ಪುಕ್ಕಟೆ ನುಡಿಸಲಿ ಅಂದ್ರು. ಗಲಾಟೆ ಆದ ಮೇಲೆ ಸಂಬಳ ಕೊಡೋಕೆ ಒಪ್ಪಿದ್ರು. ‘ಎಲ್ಲ ಸೇರಿ ಮಾಡೋಣ’ ಅನ್ನೋ ಮಾತಿನಲ್ಲಿ ಎಷ್ಟೋ ಸಲ ಇದೇ ಅಡಗಿರುತ್ತೆ: ಒಬ್ಬರ ಹೆಸರು, ಉಳಿದವರ ಬೆವರು. ನಮ್ಮಲ್ಲೂ ಡೋಲು ಬಾರಿಸಿದವನ ಹೆಸರು ಕೊನೆಗೆ ಯಾರಿಗೂ ನೆನಪಿರಲ್ಲ.

ಹಾಗಾಗಿ ನಾಲ್ಕು ಜನ ಕೂತು ಇಪಿ ಮಾಡೋದಾದ್ರೆ ಮೊದಲ ದಿನವೇ ಒಂದು ಹಾಳೆ ತಗೊಳ್ಳಿ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯದ ಹಕ್ಕು ಬೇರೆ, ರಾಗದ ಹಕ್ಕು ಬೇರೆ, ರೆಕಾರ್ಡಿಂಗ್ ಹಕ್ಕು ಇನ್ನೂ ಬೇರೆ. ರೆಕಾರ್ಡಿಂಗ್ ಹಕ್ಕು ಸಾಮಾನ್ಯವಾಗಿ ಅದನ್ನ ಮಾಡಿಸಿದ ನಿರ್ಮಾಪಕರದ್ದು, ಹಾಡಿದವರದ್ದಲ್ಲ. ಯಾವುದು ಯಾರದ್ದು ಅಂತ ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹದಲ್ಲಿ ಇದೆಲ್ಲ ಯಾಕೆ ಅನ್ನಬೇಡಿ. ಯಾರ ಖಾತೆಯಿಂದ ಅಪ್‌ಲೋಡ್ ಆಗುತ್ತೋ ದುಡ್ಡು ಮೊದಲು ಬರೋದು ಅವರಿಗೇ, ಅದನ್ನೂ ಆ ಹಾಳೆಯಲ್ಲೇ ಬರೀರಿ.