ಬೀವರ್‌ಗೆ ಬೋನು ಇಡುವ ಮುನ್ನ ಒಂದು ಪೈಪು ಹಾಕಿ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಳ್ಳದ ಪಕ್ಕ ಮನೆ ಮಾಡಿದವರಿಗೆ ಈ ದೂರು ಹೊಸದಲ್ಲ. ರಸ್ತೆಯಡಿಯ ಮೋರಿಗೆ ಬೀವರ್ ಕೊಂಬೆ ತುರುಕಿದೆ, ಹಿತ್ತಲಿಗೆ ನೀರು ಬಂದಿದೆ, ಸೆಪ್ಟಿಕ್ ಟ್ಯಾಂಕಿಗೂ ನುಗ್ಗುವ ಹಾಗಿದೆ. ಊರಿನ ಆರೋಗ್ಯ ಮಂಡಳಿಗೆ ಅರ್ಜಿ ಹೋಗುತ್ತದೆ. ತುರ್ತು ಪರವಾನಗಿ ಸಿಕ್ಕಿದ ಕೂಡಲೇ ಬೋನು ಬರುತ್ತದೆ, ಪ್ರಾಣಿ ಸಾಯುತ್ತದೆ, ಒಡ್ಡು ಒಡೆಯುತ್ತಾರೆ. ಸ್ವಲ್ಪ ಕಾಲ ಕಳೆದರೆ ಅದೇ ಜಾಗದಲ್ಲಿ ಇನ್ನೊಂದು ಜೋಡಿ! ಬೀವರ್ ಮರಿಗಳು ಎರಡು ವರ್ಷ ತುಂಬುತ್ತಲೇ ಹುಟ್ಟಿದ ಗೂಡು ಬಿಟ್ಟು ಹೊಸ ನೆಲೆ ಹುಡುಕಿಕೊಂಡು ಹೊರಡುತ್ತವೆ. ಖಾಲಿ ಬಿದ್ದ ಒಳ್ಳೆಯ ಹಳ್ಳವನ್ನು ಅವು ಬಿಡುವುದುಂಟೇ?

ಇದು ಇಲಿ, ಅಳಿಲುಗಳ ಬಳಗದ ಪ್ರಾಣಿ. ತೂಕ ಇಪ್ಪತ್ತು ಕಿಲೋ ದಾಟಬಹುದು. ಹಲ್ಲಿನ ಹೊರಪದರದಲ್ಲಿ ಕಬ್ಬಿಣದ ಅಂಶವಿರುವುದರಿಂದ ಬಣ್ಣ ಕಿತ್ತಳೆ, ಗಟ್ಟಿತನ ಉಳಿಯಂಥದ್ದು. ಮೀನು ಮುಟ್ಟುವುದಿಲ್ಲ, ತಿನ್ನುವುದು ತೊಗಟೆ, ಎಲೆ, ನೀರುಗಿಡ. ನೆಲದ ಮೇಲೆ ನಿಧಾನ, ನೀರಿನಲ್ಲಿ ಚುರುಕು. ಹಾಗಾಗಿ ನೀರು ಆಳವಾಗಿ ನಿಲ್ಲಲಿ ಎಂದೇ ಒಡ್ಡು ಕಟ್ಟುತ್ತದೆ.

ಆ ಒಡ್ಡಿನ ಹಿಂದೆ ನಡೆಯುವುದನ್ನು ನೋಡಿ. ಓಡುತ್ತಿದ್ದ ನೀರು ನಿಂತು ಹರಡುತ್ತದೆ, ಮಣ್ಣಿಗೆ ಇಳಿಯುತ್ತದೆ, ಹೂಳು ತಳಕ್ಕೆ ಕೂರುತ್ತದೆ. ಇಂಗ್ಲೆಂಡಿನ ಡೆವನ್‌ನಲ್ಲಿ ಬೇಲಿ ಹಾಕಿದ ಒಂದು ಜಾಗಕ್ಕೆ ಬೀವರ್ ಬಿಟ್ಟ ಮೇಲೆ ಎಕ್ಸೆಟರ್ ವಿಶ್ವವಿದ್ಯಾಲಯದವರು ಅಳೆದು ನೋಡಿದರು. ಸಣ್ಣ ತೊರೆಗೆ ಅಡ್ಡಲಾಗಿ 13 ಒಡ್ಡುಗಳು, ಅವುಗಳ ಹಿಂದೆ 100 ಟನ್ನಿಗೂ ಹೆಚ್ಚು ಹೂಳು! ಅದರಲ್ಲಿ ಶೇಕಡಾ 70ರಷ್ಟು ಮೇಲಿನ ಹುಲ್ಲುಗಾವಲುಗಳಿಂದ ಕೊಚ್ಚಿ ಬಂದ ಮಣ್ಣು. ಮಳೆ ಬಂದಾಗ ಕೆಳಗೆ ನುಗ್ಗುವ ನೀರಿನ ರಭಸವೂ ತಗ್ಗಿತು. ನಾಲ್ಕು ಶತಮಾನ ಬ್ರಿಟನ್ನಿನಲ್ಲೇ ಇಲ್ಲವಾಗಿದ್ದ ಪ್ರಾಣಿಗೆ 2022ರಲ್ಲಿ ಇಂಗ್ಲೆಂಡ್ ಕಾನೂನಿನ ರಕ್ಷಣೆ ಕೊಟ್ಟಿತು. ಅದಕ್ಕೆ ಇಂಥ ಲೆಕ್ಕಗಳ ಬಲವೂ ಇತ್ತು.

ಬೆಂಕಿಯ ಕಥೆ ಇನ್ನೂ ದೊಡ್ಡದು. 2018ರಲ್ಲಿ ಅಮೆರಿಕದ ಐಡಾಹೋದಲ್ಲಿ ಕಾಳ್ಗಿಚ್ಚು ಹಬ್ಬಿ ಆರಿದ ಮೇಲೆ ತೆಗೆದ ಚಿತ್ರದಲ್ಲಿ ಎರಡೂ ಕಡೆಯ ಗುಡ್ಡ ಸುಟ್ಟು ಕರಕಲು; ನಡುವೆ ಬಾ ಕ್ರೀಕ್ ಹಳ್ಳದುದ್ದಕ್ಕೂ ಹಚ್ಚಹಸಿರು ಪಟ್ಟಿ. ಅಲ್ಲಿದ್ದದ್ದು ಬೀವರ್ ಕೊಳಗಳು. ಎಮಿಲಿ ಫೇರ್‌ಫ್ಯಾಕ್ಸ್ ಮತ್ತು ಆಂಡ್ರ್ಯೂ ವಿಟಲ್ ಪಶ್ಚಿಮ ಅಮೆರಿಕದ ಐದು ದೊಡ್ಡ ಬೆಂಕಿಗಳನ್ನು ಉಪಗ್ರಹ ಚಿತ್ರಗಳಲ್ಲಿ ಪರಿಶೀಲಿಸಿ 2020ರಲ್ಲಿ ವರದಿ ಮಾಡಿದರು: ಬೀವರ್ ಇಲ್ಲದ ಹಳ್ಳದಂಚಿನಲ್ಲಿ ಹಸಿರು ನಷ್ಟವಾದದ್ದು ಬೀವರ್ ಇರುವ ಕಡೆಗಿಂತ ಮೂರು ಪಟ್ಟು ಹೆಚ್ಚು. ನೆನೆದ ನೆಲ ಸುಲಭಕ್ಕೆ ಉರಿಯುವುದಿಲ್ಲ, ಅಷ್ಟೇ ವಿಷಯ.

ದಕ್ಷಿಣ ಕನ್ನಡ, ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕಿದರೆ ತೋಟದ ಬಾವಿಯಲ್ಲಿ ನೀರು ಏರುವುದನ್ನು ಅವರು ಕಣ್ಣಾರೆ ಕಂಡವರು. ಬೀವರ್ ಮಾಡುವುದೂ ಅದನ್ನೇ, ವರ್ಷವಿಡೀ, ಕೂಲಿ ಕೇಳದೆ.

ಹಾಗೆಂದು ಎಲ್ಲೆಡೆ ಬೀವರ್ ಬಿಡಿ ಎಂದು ನಾನು ಹೇಳಲಾರೆ. 1946ರಲ್ಲಿ ಅರ್ಜೆಂಟೀನಾ ತುಪ್ಪಳದ ಆಸೆಗೆ ಕೆನಡಾದ ಬೀವರ್‌ಗಳನ್ನು ತಂದು ದಕ್ಷಿಣ ತುದಿಯ ಟಿಯೆರ್ರಾ ಡೆಲ್ ಫ್ಯೂಗೊದಲ್ಲಿ ಬಿಟ್ಟಿತು. ಅಲ್ಲಿನ ಮರಗಳು ಕಡಿದ ಮೇಲೆ ಬೀವರ್ ನಾಡಿನ ವಿಲ್ಲೋ ಮರದಂತೆ ಮತ್ತೆ ಚಿಗುರುವುದಿಲ್ಲ. ಹೊಳೆಯಂಚಿನ ಕಾಡು ನಾಶವಾಗಿ ಹೋಯಿತು. ತನ್ನ ನೆಲದಲ್ಲಿ ಉಪಕಾರಿಯಾದ ಪ್ರಾಣಿ ಪರನೆಲದಲ್ಲಿ ಮಾರಿ. ಸ್ವಂತ ನೆಲದಲ್ಲೂ ರೈತನ ನಷ್ಟ ಸುಳ್ಳಲ್ಲ. ಸ್ಕಾಟ್ಲೆಂಡಿನ ಟೇ ಕಣಿವೆಯ ಸಮತಟ್ಟು ಹೊಲಗಳಲ್ಲಿ ಬೀವರ್ ಚರಂಡಿಗೆ ಒಡ್ಡು ಹಾಕಿದರೆ ಬೆಳೆ ಮುಳುಗುತ್ತದೆ. ಆ ರೈತನಿಗೆ ಪರಿಸರದ ಪಾಠ ಬೇಡ, ನೀರಿಳಿಸುವ ಉಪಾಯ ಬೇಕು.

ಆ ಉಪಾಯ ಇದೆ. ಸ್ವೀಡನ್ನಿನ ಲಾರ್ಸ್ ವಿಲ್ಸನ್ 1960ರ ದಶಕದಲ್ಲಿ ಸಾಕಿದ ಬೀವರ್‌ಗಳಿಗೆ ಹರಿಯುವ ನೀರಿನ ಸದ್ದನ್ನು ಧ್ವನಿವರ್ಧಕದಿಂದ ಕೇಳಿಸಿದರು. ಅವು ಧ್ವನಿವರ್ಧಕದ ಮೇಲೆಯೇ ಕೊಂಬೆ, ಕೆಸರು ಪೇರಿಸಿದವು! ನೀರು ಸೋರುವ ಸದ್ದು ಕೇಳಿದರೆ ಬೀವರ್ ಸುಮ್ಮನಿರದು. ಹಾಗಾದರೆ ಸದ್ದಿಲ್ಲದೆ ನೀರು ಬಿಡಬೇಕು. ಒಡ್ಡಿನ ನಡುವೆ ಸುಮಾರು ಒಂದಡಿ ಅಗಲದ ಪ್ಲಾಸ್ಟಿಕ್ ಪೈಪು ಹಾಯಿಸುತ್ತಾರೆ. ಅದರ ಬಾಯಿ ಒಡ್ಡಿನಿಂದ ದೂರ, ಕೊಳದ ಆಳದಲ್ಲಿ, ಸುತ್ತ ದೊಡ್ಡ ಕಬ್ಬಿಣದ ಜಾಲರಿ. ನೀರು ಎಳೆಯುವುದು ಪ್ರಾಣಿಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಬಾಯಿಯ ತನಕ ಹೋಗಲಾಗದು. ಪೈಪನ್ನು ಎಷ್ಟು ಎತ್ತರದಲ್ಲಿ ಕೂರಿಸುತ್ತೀರೋ ಕೊಳ ಅಷ್ಟಕ್ಕೇ ನಿಲ್ಲುತ್ತದೆ. ಮೋರಿಯ ಮುಂದೆ ಜಾಲರಿ ಬೇಲಿ ಹಾಕಿದರೆ ರಸ್ತೆ ಉಳಿಯುತ್ತದೆ. ಬೇಕಾದ ಮರದ ಬುಡಕ್ಕೆ ತಂತಿ ಬಲೆ ಸುತ್ತಿದರೆ ಮರ ಉಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಕಸ ತೆಗೆಯಬೇಕು, ಅದನ್ನು ಮರೆಯಬಾರದು. ತೀರಾ ಸಣ್ಣ ಚರಂಡಿ, ತೀರಾ ತಗ್ಗಿನ ಹೊಲದಲ್ಲಿ ಇದೂ ಸೋಲಬಹುದು. ಆಗ ಬೀವರ್ ಸಂಸಾರವನ್ನು ಬೇರೆಡೆಗೆ ಸಾಗಿಸುವ ಮಾತು ಬರಲಿ. ಕೊಲ್ಲುವುದೇ ಮೊದಲ ಮಾತಾಗುವುದು ಅನ್ಯಾಯ.

ಮ್ಯಾಸಚೂಸೆಟ್ಸ್‌ನಲ್ಲಿ ಒಮ್ಮೆ ಪೂರ್ತಿ ಅಳಿದು 1928ರಲ್ಲಿ ಮತ್ತೆ ಕಾಣಿಸಿಕೊಂಡ ಪ್ರಾಣಿ ಇದು. ಅಲ್ಲಿನ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ನನ್ನ ವಿನಂತಿ ಇಷ್ಟು. ನಿಮ್ಮ ಹಿತ್ತಲಿಗೆ ನೀರು ಬಂದು ಅರ್ಜಿ ಹಾಕುವ ಹೊತ್ತು ಬಂದರೆ, ಆರೋಗ್ಯ ಮಂಡಳಿ ಕೊಡುವ ತುರ್ತು ಪರವಾನಗಿ ಬೋನಿಗೆ ಮಾತ್ರವಲ್ಲ, ಪೈಪಿಗೂ ಸಿಗುತ್ತದೆ ಎಂಬುದು ನೆನಪಿರಲಿ. ಜೌಗು ಪ್ರದೇಶ ನೋಡಿಕೊಳ್ಳುವ ಊರಿನ ಸಮಿತಿಯ ಸಭೆಗೂ ಹೋಗಿ, ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಿ, ಮೊದಲು ಪೈಪು ಹಾಕಿಸಿ ಎಂದು ಕೇಳಿ.