ನಕ್ಷೆಯನ್ನು ಬಳಸುವವರ ಕೂಟ

ಬೆಂಗಳೂರಿನ ಯಲಹಂಕ ಉಪನಗರದ ಮಗ್ಗುಲಲ್ಲಿ ಹಾದುಹೋಗುವ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆಯಲ್ಲಿ ರಾಜ್ಯ ಸರ್ಕಾರದ ಎರಡು ಸಂಸ್ಥೆಗಳು ನೆಲೆಸಿವೆ. 1986ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ಉಪಗ್ರಹಗಳು ಕಳುಹಿಸುವ ಚಿತ್ರಗಳಿಂದ ನಾಡಿನ ನೆಲವನ್ನು ಓದಿ, ಕೆ-ಜಿಐಎಸ್ ಎಂಬ ನಕ್ಷಾಭಂಡಾರವನ್ನೂ, ನಾವು ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವ ದಿಶಾಂಕ್ ಆ್ಯಪನ್ನೂ ಸಿದ್ಧಪಡಿಸಿದೆ. 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಚಿಕ್ಕ ಘಟಕವಾಗಿ ಹುಟ್ಟಿ, ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿಕೊಂಡಿರುವ ಎರಡನೆಯ ಸಂಸ್ಥೆ ಊರೂರಿನ ಮಳೆಮಾಪಕಗಳಿಂದ ಬಿದ್ದ ಮಳೆಯ ಲೆಕ್ಕವನ್ನು ಹಗಲಿರುಳೂ ಇಡುತ್ತದೆ. ಹೀಗೆ ನೆಲವನ್ನು ಬಲ್ಲವರೂ ಮಳೆಯನ್ನು ಬಲ್ಲವರೂ ಒಂದೇ ಬೀದಿಯಲ್ಲಿ ಕುಳಿತಿರುವ ಇದೇ ಯಲಹಂಕದಲ್ಲಿ, 2021ರ ನವೆಂಬರಿನಲ್ಲಿ ಒಮ್ಮೆ, 2024ರ ಅಕ್ಟೋಬರಿನಲ್ಲಿ ಮತ್ತೊಮ್ಮೆ, ನೀರು ನುಗ್ಗಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಎಷ್ಟು ಮಳೆ ಬಿತ್ತೆಂಬುದು ಒಂದು ಕಚೇರಿಗೆ ಗೊತ್ತು. ನೆಲದ ಇಳಿಜಾರು ಎತ್ತ ಎಂಬುದು ಇನ್ನೊಂದಕ್ಕೆ ಗೊತ್ತು. ಹಿಂದೆ ಕಾಲುವೆ ಹರಿಯುತ್ತಿದ್ದ ಜಾಡು ಮೋಜಣಿ ಇಲಾಖೆಯ ಕಡತದಲ್ಲಿದೆ. ಈಗಿನ ಕಾಲುವೆಯ ಅಗಲ ಪಾಲಿಕೆಯ ಅಭಿಯಂತರರಿಗೆ ಗೊತ್ತು. ಗೊತ್ತಿದ್ದವರೆಲ್ಲ ಒಂದೆಡೆ ಕೂಡಿ ಕುಳಿತುಕೊಳ್ಳುವ ಜಾಗ ಮಾತ್ರ ಇಲ್ಲ.

ನಮ್ಮ ನಗರಾಡಳಿತಕ್ಕೆ ನಕ್ಷೆಗಳ ಕೊರತೆಯುಂಟೆಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಕಾಗಿಲ್ಲ. ಕಂದಾಯ ಇಲಾಖೆಯ ಗ್ರಾಮನಕ್ಷೆ, ಅಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆ, ಪಾಲಿಕೆಯ ವಾರ್ಡುಗಳ ಮತ್ತು ಸ್ವತ್ತುಗಳ ನಕ್ಷೆ, ಜಲಮಂಡಳಿಯ ಕೊಳವೆಗಳ ನಕ್ಷೆ, ಬೆಸ್ಕಾಮಿನ ತಂತಿ-ಕಂಬಗಳ ನಕ್ಷೆ, ಇವೆಲ್ಲಕ್ಕೂ ಹಿರಿಯದಾದ, 1767ರಿಂದ ನಡೆದುಬಂದಿರುವ ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆ: ಒಂದೇ ನೆಲದ ಈ ಹಲವು ರೂಪಗಳು ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡ ಅಣ್ಣತಮ್ಮಂದಿರಂತೆ ಪರಸ್ಪರ ಮಾತಿಲ್ಲದೆ ಬಾಳುತ್ತಿವೆ. ಮಾತು ಬಿಟ್ಟಿರುವುದರಿಂದ ತೊಂದರೆಯಾಗಿದೆಯೆಂದು ತೋರಿದಾಗಲೆಲ್ಲ ಸರ್ಕಾರ ಹೂಡುವ ಉಪಾಯ ಮತ್ತೊಂದು ಜಾಲತಾಣ. ದೀಪ ಬೆಳಗುತ್ತದೆ, ಭಾಷಣಗಳಾಗುತ್ತವೆ, ಗುತ್ತಿಗೆದಾರ ಸಂಸ್ಥೆ ಹಣ ಪಡೆದು ಹೊರಡುತ್ತದೆ. ಕೆಲವು ವರ್ಷಗಳಲ್ಲಿ ಅದರೊಳಗಿನ ಪದರಗಳು ಹಳತಾಗಿ, ಅವುಗಳನ್ನು ತಿದ್ದುವ ಹೊಣೆ ಯಾರದೆಂಬುದೇ ಮರೆತುಹೋಗುತ್ತದೆ. ಆದುದರಿಂದ ಹೊಸ ಜಾಲತಾಣಕ್ಕೆ ಮೊದಲು ನಮಗೆ ಬೇಕಾದದ್ದು ನಕ್ಷೆಯನ್ನು ನಿತ್ಯವೂ ಬಳಸುವವರ ಒಂದು ಸ್ಥಾಯೀ ಕೂಟ ಎಂಬುದು ನನ್ನ ಅಭಿಮತ. ಅಂಥ ಕೂಟ ಸ್ಥಳೀಯ ಸರ್ಕಾರದ ಒಳಗೇ, ಅದರ ಆದೇಶದಿಂದಲೇ ಹುಟ್ಟಬೇಕು.

ಕೂಟವೇಕೆ, ನಕ್ಷೆಯನ್ನು ತಯಾರಿಸುವ ತಜ್ಞರು ಸಾಲದೆ ಎಂದು ಕೇಳುವವರು ಒಂದು ಗ್ರಾಮನಕ್ಷೆಯನ್ನು ಕೈಗೆತ್ತಿಕೊಂಡು ನೋಡಬೇಕು. ಮೈಸೂರು ಸೀಮೆಯಲ್ಲಿ 1863ರಲ್ಲಿ ಮೊದಲಾದ ಕಂದಾಯ ಮೋಜಣಿಯ ಪರಂಪರೆಯಲ್ಲಿ ಅಳತೆಯ ಸಾಧನ 33 ಅಡಿಯ ಸರಪಳಿ. ಒಂದು ಸರಪಳಿಗೆ 16 ಆಣೆ, ಸರಪಳಿ ಚದರಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. 20 ಸರಪಳಿಯ ನೆಲವನ್ನು ಒಂದು ಅಂಗುಲದ ಕಾಗದಕ್ಕೆ ಇಳಿಸುತ್ತಾರೆ. ಅಂದರೆ ನೆಲದ 7,920 ಅಂಗುಲ ಕಾಗದದಲ್ಲಿ ಒಂದು ಅಂಗುಲ. ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಒಂದು ಮಸಿಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಅಗಲವನ್ನು ಆವರಿಸುತ್ತದೆ. ಅದೇ ಕಾಗದ ಹತ್ತಾರು ವರ್ಷ ಮಡಿಚಿ, ತೇವವುಂಡು, ಹಿಗ್ಗಿ ಕುಗ್ಗಿದ ಮೇಲೆ ಯಂತ್ರದಲ್ಲಿ ಪ್ರತಿಯಾಗಿ, ಉಪಗ್ರಹಚಿತ್ರದ ಮೇಲೆ ಎಳೆದು ಕೂರಿಸಲ್ಪಟ್ಟಾಗ, ಒಂದು ಗ್ರಾಮದ ಅಂಚು ಪಕ್ಕದ ಗ್ರಾಮದ ಅಂಚಿಗೆ ಕೂಡದೆ ನಡುವೆ ಸಂದುಬಿಡುವುದೋ, ಒಂದರ ಮೇಲೊಂದು ಏರುವುದೋ ಸಹಜ. ಇತ್ತ, 2015ರ ಮಹಾಯೋಜನೆ ರಾಜಕಾಲುವೆಗಳ ಬದಿಯಲ್ಲಿ ಕಟ್ಟಡ ಕಟ್ಟದೆ ಬಿಡಬೇಕೆಂದು ವಿಧಿಸಿದ್ದ ಅಂತರವಾದರೋ ಕಾಲುವೆಯ ನಡುಮಧ್ಯದಿಂದ ದೊಡ್ಡದಕ್ಕೆ 50, ಮಧ್ಯಮಕ್ಕೆ 25, ಕಿರಿದಕ್ಕೆ 15 ಮೀಟರ್. ಹಸಿರು ನ್ಯಾಯಮಂಡಳಿ 2016ರಲ್ಲಿ ಈ ಅಂತರಗಳನ್ನು ಬದಲಿಸಿದಾಗ ಆ ಬದಲಾವಣೆಯನ್ನು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತಳ್ಳಿಹಾಕಿತು. ಹದಿನೈದು ಮೀಟರಿನ ನಿಯಮಕ್ಕೆ ನಾಲ್ಕು ಮೀಟರಿನ ಗೆರೆ ಆಧಾರ! ಯಾರ ಮನೆಯ ಗೋಡೆ ಉಳಿಯತಕ್ಕದ್ದು, ಯಾರದು ಬೀಳತಕ್ಕದ್ದು ಎಂಬ ತೀರ್ಮಾನ ಈ ಗೆರೆಯ ಎಡಬಲಗಳಲ್ಲಿದೆ.

ಇದರಲ್ಲಿ ಹಳೆಯ ಮೋಜಣಿದಾರರ ತಪ್ಪೇನೂ ಇಲ್ಲ. ಅವರು ಹೊಲಕ್ಕೆ ಕಂದಾಯ ಕಟ್ಟುವುದಕ್ಕಾಗಿ ಅಳೆದರೇ ಹೊರತು, ಬಹುಮಹಡಿಯ ಕಟ್ಟಡದ ಕಾಂಪೌಂಡಿನ ಬಗೆಗೆ ತೀರ್ಪು ಕೊಡುವುದಕ್ಕಾಗಿ ಅಳೆಯಲಿಲ್ಲ. ಗ್ರಾಮನಕ್ಷೆಯ ಗೆರೆಗೆ ಸಂಶಯ ಬಂದರೆ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ ಸರಪಳಿ-ಆಣೆಗಳ ಅಳತೆಯನ್ನು ನೋಡಬೇಕು, ಆಕಾರಬಂದು ದಾಖಲೆಯ ವಿಸ್ತೀರ್ಣಕ್ಕೆ ತಾಳೆಹಾಕಬೇಕು, ಗಡಿಕಲ್ಲು ಉಳಿದಿದೆಯೇ ಎಂದು ಸ್ಥಳದಲ್ಲಿ ಹುಡುಕಬೇಕು. ಈ ವಿವೇಕ ತಾಲ್ಲೂಕು ಕಚೇರಿಯ ಸರ್ವೇಯರಿಗೆ ಉಂಟು. ಆದರೆ ಕಾಲುವೆ ವಿಭಾಗದ ಅಭಿಯಂತರರು ಕಂಪ್ಯೂಟರಿನಲ್ಲಿ ಕಂಡ ಬಣ್ಣದ ಗೆರೆಯನ್ನು ಮುದ್ರಿಸಿಕೊಂಡು ಹೊರಡುವ ಹೊತ್ತಿಗೆ ಆ ಸರ್ವೇಯರನ್ನು ಕೇಳುವ ಪದ್ಧತಿಯಿಲ್ಲ. ಕೇಳಿದರೂ ಅದಕ್ಕೊಂದು ಪತ್ರ, ಪತ್ರಕ್ಕೊಂದು ಜ್ಞಾಪನ, ಜ್ಞಾಪನಕ್ಕೆ ಮತ್ತೊಂದು ಜ್ಞಾಪನ.

ತಾಳೆನೋಡುವುದನ್ನೇ ಕೆಲಸದ ಅಂಗವಾಗಿ ಮಾಡಿಕೊಂಡವರು ಇದೇ ಊರಿನ ಬಯಲಿನಲ್ಲಿ ಹಿಂದೆ ಇದ್ದರು. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಮೋಜಣಿದಾರ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮತ್ತೊಂದನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸರಣಿಯನ್ನು ಪಶ್ಚಿಮಕ್ಕೆ ಹೆಣೆದು ತಂದ. 1804ರಲ್ಲಿ ಬೆಂಗಳೂರಿನ ನೆಲವನ್ನು ಪುನಃ ಅಳೆಸಿ, ಲೆಕ್ಕದಿಂದ ಬಂದ ಉದ್ದಕ್ಕೂ ಸರಪಳಿಯಿಂದ ಬಂದ ಉದ್ದಕ್ಕೂ ಇರುವ ವ್ಯತ್ಯಾಸವನ್ನು ನೋಡಿದ. ಮೈಲಿಗಟ್ಟಲೆ ಉದ್ದದ ರೇಖೆಯಲ್ಲಿ ಆ ವ್ಯತ್ಯಾಸ ಕೆಲವೇ ಅಂಗುಲಗಳು. ಅವನ ಉದ್ದೇಶ ಸಾಮ್ರಾಜ್ಯಸೇವೆಯೇ ಆಗಿದ್ದಿರಬಹುದು, ಅದನ್ನು ಮೆಚ್ಚಬೇಕಾದುದಿಲ್ಲ. ಆದರೆ ತನ್ನ ಅಳತೆಯ ದೋಷವೆಷ್ಟೆಂಬುದನ್ನು ತಾನೇ ಅಳೆದು ಬರೆದಿಡುವ ಆ ಶಿಸ್ತು ನಮ್ಮ ಇಂದಿನ ಎಷ್ಟು ಸರ್ಕಾರೀ ನಕ್ಷೆಗಳಲ್ಲಿದೆ? ಪರದೆಯ ಮೇಲಿನ ಗೆರೆಗೆ ಬಣ್ಣವುಂಟು, ದಪ್ಪವುಂಟು. ಅದು ಯಾವ ವರ್ಷದ್ದು, ಯಾರು ಎಳೆದದ್ದು, ಎಷ್ಟು ಮೀಟರಿನ ಮಟ್ಟಿಗೆ ನಂಬತಕ್ಕದ್ದು ಎಂಬ ಮೂರು ಮಾತುಗಳನ್ನು ಮಾತ್ರ ಹುಡುಕಿ ದಣಿಯಬೇಕು.

ನಾನು ಹೇಳುವ ಕೂಟ ಮೇಲಧಿಕಾರಿಗಳ ಸಮನ್ವಯ ಸಮಿತಿಯಲ್ಲ. ಅಂಥ ಸಮಿತಿಗಳು ಸಾಕಷ್ಟಿವೆ, ಅವುಗಳಲ್ಲಿ ಗೋಡಂಬಿಯೂ ಸಾಕಷ್ಟಿದೆ. ಇದರಲ್ಲಿ ಕೂರಬೇಕಾದವರು ಪಾಲಿಕೆಯ ಕಿರಿಯ ಅಭಿಯಂತರ, ಕಂದಾಯ ನಿರೀಕ್ಷಕ, ಗ್ರಾಮ ಆಡಳಿತಾಧಿಕಾರಿ, ಸರ್ವೇಯರ್, ಯಾವ ಬೀದಿಯ ತಿರುವಿನಲ್ಲಿ ಯಾವ ವಾಲ್ವು ಮಣ್ಣಿನಡಿ ಹೂತುಹೋಗಿದೆಯೆಂದು ಬಲ್ಲ ಜಲಮಂಡಳಿಯ ವಾಲ್ವ್‌ಮನ್, ಬೆಸ್ಕಾಮಿನ ಲೈನ್‌ಮನ್, ಮತ್ತು ಮೇಲೆ ಹೇಳಿದ ಎರಡು ಕೇಂದ್ರಗಳಲ್ಲಿ ದತ್ತಾಂಶವನ್ನು ಕೈಯಾರೆ ತಿದ್ದುವ ತಂತ್ರಜ್ಞರು. ರಸ್ತೆ ಅಗೆಯುವ ಅನುಮತಿಗಳನ್ನು ಒಗ್ಗೂಡಿಸಲು ಪಾಲಿಕೆ ಹಿಂದೆ ಗಣಕ ವ್ಯವಸ್ಥೆಯೊಂದನ್ನು ತಂದಿತು, ಒಳ್ಳೆಯ ಕೆಲಸವೇ. ಅನುಮತಿ ಯಾರಿಗೆ ಸಿಕ್ಕಿತೆಂದು ಗಣಕ ಹೇಳಬಲ್ಲುದು. ಆರ್.ಟಿ. ನಗರದಂಥ ಹಳೆಯ ಬಡಾವಣೆಯ ರಸ್ತೆಯಡಿ ಕೊಳವೆ ಎಡಕ್ಕಿದೆಯೋ ಬಲಕ್ಕಿದೆಯೋ, ಎಷ್ಟು ಅಡಿ ಆಳದಲ್ಲಿದೆಯೋ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಮನುಷ್ಯರ ನೆನಪಿನಲ್ಲಿದೆ, ಅವರಲ್ಲಿ ಹಲವರು ನಿವೃತ್ತಿಯ ಅಂಚಿನಲ್ಲಿದ್ದಾರೆ.

ಇಂಥ ಕೂಟಕ್ಕೆ ಸದ್ಯದ ಕಾಲವೂ ಅನುಕೂಲವಾಗಿದೆ, ಅನಿವಾರ್ಯವೂ ಆಗಿದೆ. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಮೊದಲಾದ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಕಟ್ಟಿದರು. ಆ ನಗರಸಭೆಗಳ ರಿಜಿಸ್ಟರುಗಳು ತಮ್ಮ ತಮ್ಮ ಸಂಖ್ಯಾಕ್ರಮಗಳೊಡನೆ ಹಾಗೆಯೇ ಬಂದವು. ಅಲ್ಲಿಂದ ವಾರ್ಡುಗಳು 198 ಆದವು, ಕಾಗದದ ಮೇಲೆ 243 ಆದವು, ಪುನಃ 225 ಆದವು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆದು, ಬಳಿಕ ವಾರ್ಡುಗಳ ಒಟ್ಟು ಸಂಖ್ಯೆ 369 ಆಯಿತು. ಪ್ರತಿಯೊಂದು ವಿಂಗಡಣೆಯಲ್ಲಿಯೂ ದೂರು, ತೆರಿಗೆ, ಕಾಮಗಾರಿ, ರೋಗಗಣನೆ ಇವುಗಳ ದಾಖಲೆ ಹಳೆಯ ಗಡಿಗೆ ಅಂಟಿಕೊಂಡು ಉಳಿಯುತ್ತದೆ, ಅಧಿಕಾರಿ ಹೊಸ ಗಡಿಯಲ್ಲಿ ಕುಳಿತಿರುತ್ತಾನೆ. ಹಳ್ಳಿಗಳ ವಿಷಯವೂ ಹಾಗೆಯೇ: ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಒಂದು ಸಂಕೇತ, ಜನಗಣತಿಯಲ್ಲಿ ಇನ್ನೊಂದು, ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಸೂಚಿಯಲ್ಲಿ ಮತ್ತೊಂದು. ಯಾವ ಹಳೆಯ ವಾರ್ಡಿನ ಎಷ್ಟು ಭಾಗ ಯಾವ ಹೊಸ ವಾರ್ಡಿಗೆ ಸೇರಿತು, ಯಾವ ಸಂಕೇತಕ್ಕೆ ಯಾವುದು ಸಮ ಎಂಬ ಒಂದು ಸಾಧಾರಣ ಕೋಷ್ಟಕವನ್ನು ತಯಾರಿಸಿ ಎಲ್ಲರಿಗೂ ಕೊಡುವುದು ಈ ಕೂಟದ ಮೊದಲ ವರ್ಷದ ಕೆಲಸಕ್ಕೆ ಸಾಕು. ಇದರಲ್ಲಿ ಉದ್ಘಾಟನೆಗೆ ಯೋಗ್ಯವಾದದ್ದು ಏನೂ ಇಲ್ಲವೆಂಬುದೇ ಇದರ ಗುಣ.

ಇಲಾಖೆಗಳು ನಕ್ಷೆಗಳನ್ನು ಹಂಚಿಕೊಳ್ಳುವುದಕ್ಕೆ ನಿಯಮಗಳ ಅಡ್ಡಿಯನ್ನೂ ಈಗ ಹೇಳುವಂತಿಲ್ಲ. ಬ್ರಿಟನ್ನಿನಲ್ಲಿ 2011ರಿಂದ ಇಂಗ್ಲೆಂಡು ಮತ್ತು ವೇಲ್ಸಿನ ಸಾರ್ವಜನಿಕ ಸಂಸ್ಥೆಗಳೆಲ್ಲ ಒಂದೇ ಒಪ್ಪಂದದಡಿ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳನ್ನು ಬಳಸುವ ಏರ್ಪಾಡಾಯಿತು. ನಮ್ಮಲ್ಲಿಯೂ ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ನಕ್ಷಾದತ್ತಾಂಶದ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಬಹುವಾಗಿ ಸಡಿಲಿಸಿ, 2022ರಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯನ್ನು ಹೊರಡಿಸಿತು. ವಿಮಾನದಳದ ನೆಲೆಯನ್ನು ಮಡಿಲಲ್ಲಿಟ್ಟುಕೊಂಡಿರುವ ಯಲಹಂಕದಂಥ ಪ್ರದೇಶದಲ್ಲಿ ಕೆಲವು ವಿವರಗಳು ಗೋಪ್ಯವಾಗಿರಬೇಕಾದದ್ದು ಸರಿಯೇ. ಚರಂಡಿಯ ಜಾಡು ಅವುಗಳಲ್ಲಿ ಸೇರಿಲ್ಲ.

ಸರ್ಕಾರದ ಹೊರಗಿನವರಿಗೆ ಈ ಕೂಟದಲ್ಲಿ ಸ್ಥಾನವಿರಬೇಕೆ? ಇರಬೇಕೆಂಬುದಕ್ಕೆ ಹೆಬ್ಬಾಳವೇ ಸಾಕ್ಷಿ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬವನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದಾಗ ಅದನ್ನು ಗುರುತಿಸಿ, ಓದಿಸಿ, ಮಂಟಪ ಕಟ್ಟಿಸಿ ಕಾಪಾಡಿದವರು ಸಂಬಳದ ನೌಕರರಲ್ಲ, ಊರಿನವರು ಮತ್ತು ಶಾಸನಾಸಕ್ತ ನಾಗರಿಕರು. ಶಾಸನತಜ್ಞ ಬಿ.ಎಲ್. ರೈಸರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದ ಮೇಲೆ ಎಷ್ಟೋ ಕಲ್ಲುಗಳು ರಸ್ತೆಯಡಿ, ತಳಪಾಯದಡಿ ಮಾಯವಾದವು. ಉಳಿದವುಗಳ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸುತ್ತ, ಅವುಗಳ ಮೂರು ಆಯಾಮದ ಪ್ರತಿರೂಪವನ್ನು ಮಿಥಿಕ್ ಸೊಸೈಟಿಯ ಮೂಲಕ ಸಂಗ್ರಹಿಸಿದ್ದು ಇಂಥ ಹವ್ಯಾಸಿಗಳ ಪರಿಶ್ರಮ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಬೀದಿಗಳ ಹೆಸರನ್ನು ತುಂಬಿದವರೂ, ವಾರ್ಡುಗಳ ಗಡಿಯನ್ನು ಗಣಕ ಓದಬಲ್ಲ ರೂಪದಲ್ಲಿ ಸಾರ್ವಜನಿಕರಿಗೆ ಒದಗಿಸುತ್ತಿರುವ ಡೇಟಾಮೀಟ್, ಓಪನ್‌ಸಿಟಿ ಬಳಗದವರೂ ಇದೇ ಜಾತಿಯವರು. ಇವರು ಹಿಡಿದುಕೊಡುವ ತಪ್ಪನ್ನು ಸ್ವೀಕರಿಸಲು ಕಚೇರಿಯಲ್ಲಿ ಒಂದು ಕಿಟಕಿಯಾದರೂ ಬೇಡವೆ?

ಆಕ್ಷೇಪಗಳು ಇಲ್ಲವೆಂದಲ್ಲ. ನೌಕರರ ವರ್ಗಾವಣೆಯಿಂದ ಕೂಟ ಚದುರೀತೆಂಬ ಮಾತು ಎಲ್ಲರಿಗೂ ತಿಳಿದದ್ದು. ಅದಕ್ಕಿಂತ ಆಳವಾದದ್ದು ಭಯ. ತನ್ನ ಇಲಾಖೆಯ ಗೆರೆ ತಪ್ಪೆಂದು ಕಾಗದದಲ್ಲಿ ಒಪ್ಪಿಕೊಂಡ ನೌಕರನ ಮೇಜಿಗೆ ಮಾರನೆಯ ವಾರವೇ ವಕೀಲರ ನೋಟಿಸು ಬರಬಹುದು. ಒತ್ತುವರಿಯ ಮೊಕದ್ದಮೆಯಲ್ಲಿ ಆ ಒಪ್ಪಿಗೆಯೇ ಎದುರಾಳಿಯ ಆಯುಧವಾಗಬಹುದು. ಆದಕಾರಣ ಆತ ಸುಮ್ಮನಿರುವುದನ್ನು ಹೇಡಿತನವೆಂದು ನಾನು ಕರೆಯಲಾರೆ. ಕೂಟದ ತಪ್ಪುಪಟ್ಟಿಯಲ್ಲಿ ದೋಷವನ್ನು ದಾಖಲಿಸುವುದು ಕರ್ತವ್ಯದ ಭಾಗವೇ ಹೊರತು ಕರ್ತವ್ಯಲೋಪವಲ್ಲ, ಮತ್ತು ದಾಖಲಾದ ಮಾತ್ರಕ್ಕೆ ಹಕ್ಕುದಾಖಲೆ ಬದಲಾಗುವುದಿಲ್ಲ, ಬದಲಾಯಿಸಲು ಮೋಜಣಿ ಇಲಾಖೆಯ ಕ್ರಮವೇ ನಡೆಯಬೇಕು ಎಂಬ ಎರಡು ವಾಕ್ಯಗಳು ಸರ್ಕಾರದ ಆದೇಶದಲ್ಲಿ ಇರಲೇಬೇಕು. ಅವಿಲ್ಲದೆ ಕೂಟ ನಡೆಯದು. ನಕ್ಷೆ ಮಬ್ಬಾಗಿರುವುದರಿಂದಲೇ ಲಾಭ ಪಡೆಯುವವರೂ ಊರಿನಲ್ಲಿದ್ದಾರೆ. ಅವರ ಆಕ್ಷೇಪ ಬಾಯಿಂದ ಬರುವುದಿಲ್ಲ, ಕಡತದ ವಿಳಂಬವಾಗಿ ಬರುತ್ತದೆ.

ಯಲಹಂಕದ ಕೆರೆಯ ಕೋಡಿಯಿಂದ ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಗೆ ಇಳಿಯುವ ನೀರಿನ ಹಾದಿಯೊಂದನ್ನೇ ಮೊದಲ ಪ್ರಯೋಗಕ್ಕೆ ತೆಗೆದುಕೊಳ್ಳಬಹುದು. ಗ್ರಾಮನಕ್ಷೆಯ ಕಾಲುವೆ, ಮಹಾಯೋಜನೆಯ ಕಾಲುವೆ, ಪಾಲಿಕೆಯ ಕಾಲುವೆ, ಇಂದಿನ ಉಪಗ್ರಹಚಿತ್ರ, ಕಳೆದ ಮಳೆಯಲ್ಲಿ ನೀರು ನಿಂತ ಜಾಗಗಳು: ಇವೈದನ್ನೂ ಒಂದರ ಮೇಲೊಂದಿಟ್ಟು, ಬೇರೆಯಾದ ಕಡೆಗಳಿಗೆ ಸಂಖ್ಯೆ ಕೊಟ್ಟು, ಪ್ರತಿ ಸಂಖ್ಯೆಗೂ ಸ್ಥಳಕ್ಕೆ ಹೋಗಿ ನೋಡಿಬರತಕ್ಕ ಒಬ್ಬರ ಹೆಸರನ್ನೂ ದಿನಾಂಕವನ್ನೂ ಬರೆಯುವುದು. ಸಭೆ ತಿಂಗಳಿಗೊಮ್ಮೆ, ಮಧ್ಯಾಹ್ನ, ದೂರ ಸಂವೇದಿ ಕೇಂದ್ರದ ಯಾವುದಾದರೊಂದು ಕೊಠಡಿಯಲ್ಲಿ. ಸಂಚಾಲಕತ್ವ ಆರು ತಿಂಗಳಿಗೊಂದು ಇಲಾಖೆಗೆ. ತಪ್ಪುಪಟ್ಟಿ ಕನ್ನಡದಲ್ಲಿ, ಯಾರು ಬೇಕಾದರೂ ಓದುವಂತೆ. ಇದಕ್ಕೆ ಟೆಂಡರು ಬೇಡ, ಹೊಸ ಹುದ್ದೆ ಬೇಡ. ಬೆಂಗಳೂರು ಉತ್ತರ ನಗರಪಾಲಿಕೆಯ ಆಯುಕ್ತರು ಒಂದು ಪುಟದ ಆದೇಶಕ್ಕೆ ಸಹಿಮಾಡಿ ಉಳಿದ ಇಲಾಖೆಗಳಿಗೆ ಪ್ರತಿ ಕಳುಹಿಸಿದರೆ, ಮುಂಗಾರಿಗೆ ಮೊದಲೇ ಮೊದಲ ಸಭೆ ನಡೆಯಬಹುದು.